ಬಿಸಿಲಿಗೆ ಸ್ವಿಚ್ಚಿಲ್ಲ

ನನ್ನ ಭಾವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಪ್ಪತ್ತು ವರ್ಷ ನಮ್ಮ ಬೀದಿಯ ಅಂಗಡಿಗಳಿಗೆಲ್ಲ ಅವನ ಡೀಸೆಲ್ ಜನರೇಟರೇ ಗತಿಯಾಗಿತ್ತು. ಯಾರಾದರೂ ಎದುರು ಮಾತಾಡಿದರೆ ಆ ಅಂಗಡಿಯ ತಂತಿ ಕಿತ್ತು ಕತ್ತಲೆಯಲ್ಲಿ ಕೂರಿಸುತ್ತಿದ್ದ. ಒಮ್ಮೆ ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬೀದಿಗೆ ತಂದು ಕೂರಿಸಿ ಉಳಿದರ್ಧ ಮುಗಿಸಿದ್ದ.

ನಾನು ಸೋಲಾರ್ ವ್ಯಾಪಾರ ಶುರುಮಾಡಿ ಹಿಟ್ಟಿನ ಗಿರಣಿಯ ತಾರಸಿಯಲ್ಲಿ ಮೊದಲ ಹದಿನಾರು ಪ್ಯಾನೆಲ್ ಕೂರಿಸಿದಾಗ ಭಾವ ಬಿದ್ದು ಬಿದ್ದು ನಕ್ಕ. ದರ್ಜಿ, ಕ್ಷೌರಿಕ, ಪ್ರಿಂಟಿಂಗ್ ಪ್ರೆಸ್ಸಿನವನು ಒಬ್ಬೊಬ್ಬರಾಗಿ ನನ್ನ ಕಡೆ ಬಂದ ಮೇಲೆ ನಗು ನಿಂತಿತು. ಬೀದಿಯ ಹೊಗೆ ಹೋಯಿತು, ಭಾವನ ಮುಂದೆ ತಲೆ ತಗ್ಗಿಸುವುದೂ ಹೋಯಿತು. ದರ್ಜಿಯಂತೂ ಅವನ ಕಣ್ಣೆದುರೇ ಕಾಲ ಮೇಲೆ ಕಾಲು ಹಾಕಿ ಕೂತ. ಭಾವನ ಹೊಟ್ಟೆಯ ಉರಿ ಮನೆಯಲ್ಲಿ ನನ್ನ ಅಕ್ಕನ ಬೆನ್ನ ಮೇಲೆ ಬಾಸುಂಡೆಯಾಗಿ ಏಳತೊಡಗಿತು.

ಒಂದು ಮಧ್ಯಾಹ್ನ ಗಾಜು ಒಡೆಯುವ ಸದ್ದು ಕೇಳಿ ಗಿರಣಿಯ ತಾರಸಿಗೆ ಓಡಿದೆ. ಭಾವ ಕಬ್ಬಿಣದ ಹಿಡಿಯ ಮಚ್ಚು ಹಿಡಿದು ನಿಂತಿದ್ದ. ಎರಡು ಪ್ಯಾನೆಲ್ ಪುಡಿಯಾಗಿದ್ದವು. ತಡೆಯಲು ಹೋದ ನನ್ನ ಬಾಯಿಗೆ ಮಚ್ಚಿನ ಹಿಡಿಯಿಂದಲೇ ಬಾರಿಸಿದ. ಎರಡು ಹಲ್ಲು ನಾಲಿಗೆಯ ಮೇಲೆ ಉರುಳಿದವು. ಬಿದ್ದವಳ ಪಕ್ಕೆಗೆ ಒದ್ದು ತಂತಿಗಳ ಕಡೆ ತಿರುಗಿದ.

"ತಂತಿ ಮುಟ್ಬೇಡಿ ಭಾವ!"

"ಮೇನ್ ಆಫ್ ಮಾಡೇ ಬಂದಿದೀನಿ ಕಣೇ. ನಂಗೇ ಕರೆಂಟಿನ ಪಾಠ ಹೇಳ್ತೀಯಾ?"

ಜನರೇಟರ್ ನಿಲ್ಲಿಸಿದರೆ ತಂತಿ ಸತ್ತಂತೆ. ಅವನ ಕಸುಬು ಕಲಿಸಿದ್ದು ಅಷ್ಟೇ. ಆದರೆ ಕೆಳಗಿನ ಮೇನ್ ಗಿರಣಿಗೆ ಹೋಗುವ ಕರೆಂಟನ್ನು ಮಾತ್ರ ನಿಲ್ಲಿಸುತ್ತದೆ. ಬಿಸಿಲಿರುವಷ್ಟು ಹೊತ್ತು ತಾರಸಿಯ ತಂತಿಗೆ ಜೀವ ಇದ್ದೇ ಇರುತ್ತದೆ.

"ಬಿಸಿಲಿಗೆ ಸ್ವಿಚ್ಚಿಲ್ಲ!" ಎಂದು ಕಿರುಚಿದೆ. ಬಾಯಿ ತುಂಬ ರಕ್ತವಿತ್ತು, ಬರೀ ಗೊಳಗೊಳ ಸದ್ದು ಬಂತು. ಅವನು ನಕ್ಕ.

ಒಂದು ತಂತಿ ಕಡಿದು, ಪ್ಯಾನೆಲ್ ಕಡೆಯ ಬರಿ ತಾಮ್ರದ ತುದಿಯನ್ನು ಕಿತ್ತುಹಾಕಲು ಎಡಗೈಗೆ ಸುತ್ತಿಕೊಂಡ. ಇನ್ನೊಂದಕ್ಕೆ ಮಚ್ಚು ಬೀಸಿದ. ಮಚ್ಚು ತಾಮ್ರಕ್ಕೆ ತಾಗಿದ್ದೇ ತಡ, ಅವನ ಹಲ್ಲು ಕಚ್ಚಿಕೊಂಡವು, ಕಣ್ಣು ಮೇಲಾದವು. ಎರಡೂ ಮುಷ್ಟಿ ಬಿಗಿದುಕೊಂಡವು, ಬಿಡಲೊಲ್ಲವು. ಅಂಗೈ ಸುಡುವ ವಾಸನೆ ಎದ್ದಿತು.

ಮೂಲೆಯಲ್ಲಿದ್ದ ಒಣ ಮರದ ಪಟ್ಟಿ ಎತ್ತಿಕೊಂಡು ಅವನ ಬಲ ಮಣಿಕಟ್ಟಿಗೆ ಜೀವ ಬಿಟ್ಟು ಹೊಡೆದೆ. ಮೂಳೆ ಲಟಕ್ಕೆಂದಿತು. ಮಚ್ಚು ಹಾರಿತು. ಅವನು ಮಗುಚಿ ಬಿದ್ದು ಉಸಿರೆಳೆದುಕೊಂಡ. ತಂತಿ ಕಳಚಿ ದೂರ ಬಿದ್ದಿತ್ತು.

ನಾನು ಮತ್ತೆ ಪಟ್ಟಿ ಎತ್ತಿ ಅವನ ಮಂಡಿಗೆ ಬಾರಿಸಿದೆ. ಚಿಪ್ಪು ಒಡೆಯಿತು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು.

ಆಸ್ಪತ್ರೆಯಲ್ಲಿ ಅವಳು ತನ್ನ ಅತ್ತೆಯ ಮುಂದೆ ನನ್ನನ್ನು ತಬ್ಬಿಕೊಂಡಳು. "ಇವಳು ಎರಡೆರಡು ಸಲ ಹೊಡೆದು ಬಿಡಿಸಿದ್ದಕ್ಕೇ ಅವರ ಜೀವ ಉಳೀತು ಅತ್ತೆ."

ಅವಳ ಅತ್ತೆ ನನಗೆ ಕೈಮುಗಿದು ಹೊರಗೆ ಹೋದರು. ಇದ್ದ ಒಬ್ಬ ಅಕ್ಕನಿಗೆ ಸುಳ್ಳು ಹೇಳಿ ಬದುಕುವುದು ನನ್ನಿಂದಾಗದು. ಹೇಳಿದರೆ ಅವಳು ನನಗೆ ಉಳಿಯುವುದಿಲ್ಲ.

"ಒಂದೇ ಏಟಿಗೆ ಬಿಟ್ಟಿತ್ತು ಅಕ್ಕಾ. ಎರಡನೇದು ಬೇಕಿರ್ಲಿಲ್ಲ."

ಅಕ್ಕ ಎದ್ದು ಹೋಗಿ ಬಾಗಿಲು ಮುಚ್ಚಿದಳು. ನನ್ನ ಹತ್ತಿರ ಬಂದು ಕೂತಳು.

"ಮತ್ತೆ ಎರಡಕ್ಕೇ ಯಾಕೆ ನಿಲ್ಲಿಸ್ದೆ?" ಎಂದಳು.