ನಮ್ಮವ್ವ ಎದ್ದು ಕೊಟ್ಟಳು

ಐವತ್ತು ವರ್ಷದ ಜುಬಿಲಿಗೆ ನಮ್ಮ ಚರ್ಚಿನ ಚರಿತ್ರೆ ಬರೀತಾರಂತ. ಬರೀಲಿ ಬಿಡ್ರಿ. ಮೂವತ್ತು ವರ್ಷ ಇದರ ಕಸ ಹೊಡದಾಕಿ ನಾನು, ಮಾಣಿಕಮ್ಮ. ನನಗ ಬೇಕಾಗಿದ್ದು ಒಂದೇ ಸಾಲು: ಈ ಜಾಗ ನಮ್ಮವ್ವ ಭೀಮಮ್ಮ ಕೊಟ್ಟದ್ದು ಅಂತ. ಕಾಗದ ಪತ್ರ ಏನೂ ಇಲ್ಲ, ಕಂಡಾವ್ರೆಲ್ಲ ಮಣ್ಣಾಗ್ಯಾರ. ಉಳಿದಾವ ತುಳಜಪ್ಪ ಒಬ್ಬ, ಅವಗ ಕಿವಿ ಕೇಳಂಗಿಲ್ಲ. ಹಲ್ಲಿದ್ದಾಗ ಕಡಲಿ ಇಲ್ಲ, ಕಡಲಿ ಇದ್ದಾಗ ಹಲ್ಲಿಲ್ಲ!

ನಮ್ಮ ಸಭೆ ಮ್ಯಾಲ ಯಾವ ಬಿಷಪ್ಪೂ ಇಲ್ಲ. ಮಂದಿ ಕೂಡಿ ಅಂದದ್ದೇ ಕಾಯ್ದೆ. ಆದ್ರ ಹೇಳಾವ್ರು ಎದ್ದು ನಿಂತೇ ಹೇಳಬೇಕು. ಚರ್ಚು ಎಲ್ಲಿ ಕಟ್ಟೋದು ಅಂತ ಕೇಳಿದಾಗ ಗಂಡಸರೆಲ್ಲ ನೆಲ ನೋಡಕೋತ ಕುಂತರು. ಅಪ್ಪ ಸತ್ತು ಆರು ತಿಂಗಳಾಗಿರಲಿಲ್ಲ. ಅವ ಮನಿ ಕಟ್ಟಾಕ ಇಟ್ಟಿದ್ದ ಜಾಗ ನಮ್ಮವ್ವ ಎದ್ದು ಕೊಟ್ಟುಬಿಟ್ಟಳು. ಹೆಣ್ಣಮಗಳು ಸಭಾದಾಗ ಎದ್ದದ್ದು ಅದೇ ಮೊದಲು. ನಾವು ಕಡೀತನಕ ಗುಡಸಲದಾಗೇ ಉಳದ್ವಿ.

ಬೀದರ್ ಜಿಲ್ಲಾದಾಗಿದ್ದ ನಮ್ಮ ನಾರಾಯಣಖೇಡ ಐವತ್ತಾರನೇ ಇಸವ್ಯಾಗ ಆಂಧ್ರಕ್ಕ ಹೋತು. ಕನ್ನಡ ಪ್ರಾರ್ಥನಿ ತಿಂಗಳಿಗೊಮ್ಮಿ ಆತು, ಆಮ್ಯಾಲ ಅದೂ ನಿಂತತು. ಈಗಿನ ಪಾದ್ರಿ ಅಯ್ಯಗಾರು ಗುಂಟೂರು ಕಡಿಯಾವ್ರು. ಒಳ್ಳೇವ್ರೇ, ಕನ್ನಡ ಮಾತ್ರ ಅರ್ಧಂಬರ್ಧ.

ಚರಿತ್ರೆ ಬರಕೊಳ್ಳಾಕ ನನ್ನ ಮುಂದ ಕುಂತು, "ಮೊದಲು ಕೊಟ್ಟವರು ಯಾರಮ್ಮಾ?" ಅಂದ್ರು.

"ಯಾರೂ ಮುಂದ ಬರಲಿಲ್ರಿ. ನಮ್ಮವ್ವ ಎದ್ದು ಕೊಟ್ಟಳು," ಅಂದೆ. ಬರಕೊಂಡ್ರು.

ಜುಬಿಲಿ ದಿನ ತೆಲುಗಿನಾಗ ಓದಿದ್ರು: ಕಾಗದ ಇಲ್ಲದ್ದಕ್ಕ ಜಾಗ ಮಿಷನ್‌ನವ್ರು ಕೊಟ್ಟದ್ದಂತ, ಭೀಮಮ್ಮ ಅನ್ನೋ ವಿಧವೆ ಒಂದು ಎತ್ತು ಕೊಟ್ಟಳಂತ! ತೆಲುಗಿನಾಗ 'ಎದ್ದು' ಅಂದ್ರ ಎತ್ತು. ಅಯ್ಯೋ ದೇವರೇ, ನಮ್ಮನ್ಯಾಗ ಒಂದು ಆಡಿಗೂ ಗತಿ ಇರಲಿಲ್ಲ, ಎತ್ತೆಲ್ಲಿಂದ ಬರಬೇಕು?

ಮುಗಿದ ಮ್ಯಾಲ ಹೋಗಿ ಹೇಳಿದೆ. ಅಯ್ಯಗಾರು ಹಣಿ ಬಡಕೊಂಡ್ರು. "ತಪ್ಪಾಯ್ತಮ್ಮಾ. ಇನ್ನೂರು ಪುಸ್ತಕ ಅಚ್ಚಾಗಿಬಿಟ್ಟಾವೆ. ಎತ್ತು ಅಂದ್ರೂ ದೊಡ್ಡ ದಾನವೇ ಅಲ್ಲವಾ?"

ಯಾರ ಕೂಡ ಜಗಳಾಡ್ಲಿ? ಜೀವಕ್ಕ ಸಾಕಾಗಿತ್ತು.

ಊಟದ ಪಂಕ್ತ್ಯಾಗ ಕೌಶಲ್ಯಾ ಅನ್ನೋ ನಮ್ಮ ಓಣಿ ಹೊಸ ಸೊಸಿ ಅನ್ನ ನೀಡಕೋತ ಬಂದಳು. "ಆಯಿ, ನಿಮ್ಮವ್ವ ಕೊಟ್ಟ ಎತ್ತು ಯಾವ ಬಣ್ಣದ್ದಿತ್ತರಿ?" ಅಂದಳು. ಇಷ್ಟು ವರ್ಷದಾಗ ನಮ್ಮವ್ವನ ಮಾತು ಯಾರಾದ್ರೂ ತಾವಾಗೇ ತೆಗೆದದ್ದು ಅದೇ ಮೊದಲು.

"ಬಿಳೀದಿತ್ತವ್ವಾ," ಅಂದೆ.

ಅವ್ವನ ಜಾಗದಾಗೇ ಕುಂತು, ಅವ್ವನ ಹೆಸರಿಲೆ ಸುಳ್ಳು ಹೇಳಿ, ತಲಿ ಬಗ್ಗಿಸಿ ಉಣ್ಣಾಕ ಹತ್ತಿದೆ.