ಪೂಜೆಯ ಬಾಂಡ್ಲಿ

ಗಂಗಾಧರಪ್ಪ ಕೊನೆಯ ಸಲ ಗಾರೆಯ ಕರಣೆ ಹಿಡಿದದ್ದು ಯಾವಾಗ ಎಂದು ಕೇಳಿದರೆ ಅವನ ಹೆಂಡತಿಯೂ ಹೇಳಲಾರಳು. ಆದರೂ ಹೊಳಲ್ಕೆರೆಯ ಕಟ್ಟಡ ಕಾರ್ಮಿಕರ ಸಂಘಕ್ಕೆ ಅವನೇ ಅಧ್ಯಕ್ಷ, ಆ ಸಂಘದ ಸೇವಾ ಸಮಿತಿಗೂ ಅವನೇ ಅಧ್ಯಕ್ಷ. ಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದಾನೆ. ಇಸ್ತ್ರಿ ಮುರಿಯದ ಬಿಳಿ ಅಂಗಿ ಹಾಕುತ್ತಾನೆ. ಆ ಅಂಗಿಯ ಜೇಬಿನಲ್ಲಿ ಇವತ್ತಿಗೂ ಕೂಲಿಯವರ ಕಾರ್ಡು ಇಟ್ಟುಕೊಂಡು ತಿರುಗುತ್ತಾನೆ. ಇಪ್ಪತ್ತೆರಡು ವರ್ಷ ಸಿಮೆಂಟು ಮರಳಿನ ಮಾಲು ಕಲಸಿ, ಬಾಂಡ್ಲಿ ಹೊತ್ತು ನೆತ್ತಿಯ ಕೂದಲು ಸವೆಸಿಕೊಂಡ ಬರಗೇರಮ್ಮನಿಗೆ ಅವನ ಮುಖ ಕಂಡರೆ ಹಲ್ಲಿನ ನಡುವೆ ಮರಳು ಸಿಕ್ಕಂತಾಗುತ್ತಿತ್ತು.

ಆದರೂ ಅವಳು ಅವನನ್ನು 'ಅಣ್ಣ' ಎನ್ನುತ್ತಿದ್ದಳು. ಅನ್ನದೆ ವಿಧಿ ಇರಲಿಲ್ಲ. ಮಗಳು ಮೋನಿಕಾ ಚಿತ್ರದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು, ಎರಡನೇ ವರ್ಷ. ಬರಗೇರಮ್ಮನ ಕೂಲಿ ಕಾರ್ಡು ಜೀವಂತವಾಗಿದ್ದರೆ ಮಾತ್ರ ಮಗಳ ಓದಿಗೆ ಸರ್ಕಾರದ ಸಹಾಯ ಬರುವುದು. ಕಾರ್ಡು ಜೀವಂತವಾಗಿರಬೇಕಾದರೆ ಈಕೆ ತೊಂಬತ್ತು ದಿನ ಗಾರೆ ಕೆಲಸ ಮಾಡಿದ್ದಾಳೆ ಎಂದು ಫಾರ್ಮಿನ ಮೇಲೆ ಸಹಿ ಬೀಳಬೇಕು. ಸಹಿ ಹಾಕುವ ಪೆನ್ನು ಗಂಗಾಧರಪ್ಪನದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಈ ಪೂಜಾರಿ ಇನ್ನೂ ಒಂದು ಕೈ ಮುಂದೆ ಹೋಗಿ ಒಂದು ಕಟ್ಟಳೆ ಮಾಡಿದ್ದ. ಭಾನುವಾರದ ಸೇವೆಗೆ ಬಂದವರಿಗೆ ಸಹಿ, ಬಾರದವರಿಗೆ ಇಲ್ಲ. ಫಾರ್ಮುಗಳೆಲ್ಲ ಸಂಘದ ಕಚೇರಿಯಲ್ಲೇ ಇರುತ್ತಿದ್ದವು. ಕಾರ್ಯದರ್ಶಿ ಗುರುರಾಜ್ ತುಂಬುತ್ತಿದ್ದ, ಸದಸ್ಯರು ಅವನು ಬೆರಳು ಮಾಡಿ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು. ಒಂದು ಫಾರ್ಮೂ ಯಾರ ಮನೆಗೂ ಹೋದದ್ದಿಲ್ಲ.

ಸೇವೆ ಅಂದರೆ ಎಂಥ ಸೇವೆ ಅಂತೀರಿ. ಭರಮಸಾಗರದ ಕೆರೆ ಏರಿ ಸ್ವಚ್ಛ ಮಾಡಲು ಇಪ್ಪತ್ತು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋದರು. ಹೋಗಿ ನೋಡಿದರೆ ಊರವರು ಹಿಂದಿನ ದಿನವೇ ಗುಡಿಸಿಬಿಟ್ಟಿದ್ದರು. ಗುರುರಾಜ್ ಏನು ಮಾಡಿದ ಗೊತ್ತೆ? ಎಲ್ಲರೂ ಉಪ್ಪಿಟ್ಟು ತಿಂದು ಬಿಸಾಡಿದ ತಟ್ಟೆಗಳನ್ನೇ ಏರಿಯ ಮೇಲೆ ಹರಡಿಸಿ, ಆಮೇಲೆ ಅವನ್ನೇ ಹೆಕ್ಕಿಸಿ ಫೋಟೋ ತೆಗೆದ. ಹೊಸದುರ್ಗದಲ್ಲಿ ಶಾಲೆಯೊಂದಕ್ಕೆ ಬಣ್ಣ ಬಳಿಯುವ ಸೇವೆಯಾಯಿತು. ರಸ್ತೆಗೆ ಕಾಣುವ ಗೋಡೆಗೆ ಎರಡು ಕೈ, ಹಿಂದಿನ ಗೋಡೆಗೆ ನಮಸ್ಕಾರ. ಹೀಗೆ ಹತ್ತು ಭಾನುವಾರ ಬರಗೇರಮ್ಮ ಹೋಗಿದ್ದಳು. ವಾರಕ್ಕೊಂದು ದಿನ ಬೆನ್ನು ಚಾಚುವ ದಿನವನ್ನು ಈ ಬಿಳಿ ಅಂಗಿಗಳ ಪಾದಕ್ಕೆ ಹಾಕಿದ್ದಳು. ಹೋದಲ್ಲೆಲ್ಲ ಕೆಲಸ ಇವಳದು, ಫೋಟೋ ಅವರದು.

ಹನ್ನೊಂದನೆಯ ಭಾನುವಾರ ರಾಮಗಿರಿ ಕ್ರಾಸಿನಲ್ಲಿ ಬಸ್ ತಂಗುದಾಣದ ಮೇಲ್ಛಾವಣಿ ಹಾಕುವುದಿತ್ತು. ಇದೊಂದು ಸೇವೆಗೆ ಮಾತ್ರ ಬರಗೇರಮ್ಮ ಮನಸ್ಸಿಟ್ಟು ಹೊರಟಿದ್ದಳು. ಅವಳ ಹಟ್ಟಿಯಿಂದ ಕ್ರಾಸಿಗೆ ಅರ್ಧ ಗಂಟೆಯ ನಡಿಗೆ. ಮೋನಿಕಾ ದಿನಾ ಬಸ್ಸಿಗೆ ನಿಲ್ಲುವುದು ಅಲ್ಲೇ, ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು, ಬಿಸಿಲಲ್ಲಿ. ಕಂಬಗಳು ಎದ್ದು ನಿಂತಿದ್ದವು, ಹಲಗೆ ಬಡಿದು ಕಂಬಿ ಕಟ್ಟಿ ಆಗಿತ್ತು, ಇನ್ನು ಕಾಂಕ್ರೀಟು ಸುರಿಯುವುದೊಂದೇ ಬಾಕಿ. ಫಾರ್ಮು ಕೊಡಲು ಸೋಮವಾರ ಕಡೇ ದಿನ. ಕಾರ್ಯಕ್ರಮ ಮುಗಿದ ಕೂಡಲೆ ಅಲ್ಲೇ ಸಹಿ ಹಾಕಿಕೊಡುತ್ತೇನೆಂದು ಗಂಗಾಧರಪ್ಪ ಇವಳ ಫಾರ್ಮನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ.

ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮೊದಲ ಬಾಂಡ್ಲಿ ಸುರಿಯಲು ಬರಬೇಕಾದವರು ಚಿತ್ರದುರ್ಗದ ಎಣ್ಣೆ ಮಿಲ್ಲಿನ ಸಾಹುಕಾರ ಮುರುಗಪ್ಪ. ಕಂಬಿ, ಸಿಮೆಂಟು ಅವರ ದಾನ. ಅವರು ಇನ್ನೂ ಮನೆಯನ್ನೇ ಬಿಟ್ಟಿರಲಿಲ್ಲ.

"ಶುರು ಮಾಡ್ರಿ, ನಾಕು ಮೂಟೆ ಒಟ್ಟಿಗೇ ಕಲಸ್ರಿ," ಎಂದ ಗಂಗಾಧರಪ್ಪ.

ಬರಗೇರಮ್ಮ ಸಲಿಕೆ ಊರಿ ನಿಂತಳು. "ಅಣ್ಣ, ಸಾಹುಕಾರ್ರು ಬರಾಗಂಟ ನೀರು ಹಾಕಬ್ಯಾಡ್ರಿ. ಬಂದ್ ಮ್ಯಾಲೆ ಕಲಸಾಣ. ಹತ್ತು ನಿಮಿಷದ ಕೆಲ್ಸ."

"ಬಂದೋರಿಗೆ ರಾಶಿ ಕಾಣಬೇಕು ಕಣವ್ವ. ಕೆಲ್ಸ ಭರ್ಜರಿ ನಡೀತೈತೆ ಅನ್ನಂಗಿರಬೇಕು. ನೀನು ಕಲಸು."

ಅವನು ಜೇಬು ಮುಟ್ಟಿಕೊಂಡ. ಇವಳು ಕಲಸಿದಳು.

ರಾಶಿಯಿಂದ ಮೊದಲ ಬಾಂಡ್ಲಿಯನ್ನು ಅವಳೇ ತುಂಬಿ ಕೊಟ್ಟಳು. ಅದಕ್ಕೂ ಒಳಗಿನ ಮಾಲಿಗೂ ಅರಿಶಿನ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮಾಲಿನಲ್ಲೇ ಎರಡು ಊದಿನಕಡ್ಡಿ ಸಿಕ್ಕಿಸಿ, ತೆಂಗಿನಕಾಯಿ ಒಡೆದರು. ಏಣಿಗೂ ಹೂವು ಸುತ್ತಿದರು. ಪೂಜೆಯಾದ ಬಾಂಡ್ಲಿಯನ್ನು ಸಾಹುಕಾರರು ಬರುವ ತನಕ ಯಾರೂ ಮುಟ್ಟಕೂಡದು ಎಂದು ಗುರುರಾಜ್ ಅದರ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕಾವಲು ಕೂತ. ಗಾರೆಯವರ ಸಂಘವಂತೆ, ಅದರ ಕಾರ್ಯದರ್ಶಿಯಂತೆ. ಕಲಸಿದ ಕಾಂಕ್ರೀಟಿಗೆ ಕಾವಲು ಕೂತ ಗಂಡಸನ್ನು ಬರಗೇರಮ್ಮ ಜೀವಮಾನದಲ್ಲಿ ನೋಡಿರಲಿಲ್ಲ.

ಹತ್ತಾಯಿತು. ಸಾಹುಕಾರರು ಸ್ನಾನ ಮಾಡುತ್ತಿದ್ದಾರೆ ಎಂದು ಸುದ್ದಿ ಬಂತು. ಹನ್ನೊಂದಾಯಿತು, ಹೊರಟಿದ್ದಾರೆ ಅಂದರು. ಸಮಿತಿಯ ಬಿಳಿ ಅಂಗಿಗಳು ಹುಣಸೆ ಮರದ ನೆರಳಲ್ಲಿ ಪುಲಾವು ತಿಂದು ಮಜ್ಜಿಗೆ ಕುಡಿದವು. ರಾಶಿ ಬಿಗಿಯುತ್ತಿತ್ತು. ಗಂಗಾಧರಪ್ಪ ಕೂತಲ್ಲಿಂದಲೇ ನೀರು ಹೊಯ್ಯಿರಿ ಎಂದ. ಹೊಯ್ದು ಮಗುಚಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಹೊಯ್ದರು. ಮೇಸ್ತ್ರಿ ಜುಂಜಣ್ಣ ಒಂದು ಹಿಡಿ ಮಾಲು ಎತ್ತಿ ಬೆರಳಲ್ಲಿ ಹಿಚುಕಿ ನೋಡಿದ. ಮೂವತ್ತು ವರ್ಷ ಮನೆ ಕಟ್ಟಿದ ಕೈ ಅದು.

"ಸತ್ತೋತು ಕಣವ್ವ ಮಾಲು," ಎಂದು ಮೆಲ್ಲಗೆ ಹೇಳಿದ.

"ಗೊತ್ತೈತೆ. ಹೋಗಿ ಹೇಳಣ್ಣ ಮತ್ತೆ."

"ನನ್ನ ಫಾರ್ಮೂ ಅವನ ಜೇಬಲ್ಲೇ ಐತೆ."

ಜುಂಜಣ್ಣ ಅತ್ತ ತಿರುಗಿ ಬೀಡಿ ಹಚ್ಚಿದ. ಥೂ, ಎಂಥ ಬಾಳು ಅನ್ನಿಸಿತು ಬರಗೇರಮ್ಮನಿಗೆ. ಆ ಥೂ ಅವನಿಗಲ್ಲ, ತನಗೆ. ಸತ್ತ ಮಾಲಿಗೆ ನೀರು ಹೊಯ್ಯುವುದು ಸತ್ತವನ ಬಾಯಿಗೆ ಗಂಜಿ ಬಿಟ್ಟ ಹಾಗೆ. ಕಣ್ಣಿಗೆ ಮೆತ್ತಗೆ ಕಾಣುತ್ತದೆ, ಒಳಗೆ ಹಿಡಿತವಿಲ್ಲ. ಅದು ಗೊತ್ತಿದ್ದೂ ಸಲಿಕೆ ಆಡಿಸುತ್ತಿದ್ದ ತನ್ನ ಕೈಗಳ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು. ಇವತ್ತೊಂದು ದಿನ, ಸಹಿ ಬಿದ್ದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು.

ಹನ್ನೆರಡೂವರೆಗೆ ಮುರುಗಪ್ಪನವರ ಕಾರು ಬಂತು. ಹಾರ, ಶಾಲು, ಭಾಷಣ ಮುಗಿದವು. ಕಾರ್ಮಿಕರ ಬೆವರಿನ ಬಗ್ಗೆ ಗಂಗಾಧರಪ್ಪ ನೆರಳಲ್ಲಿ ನಿಂತು ಬಹಳ ಚೆನ್ನಾಗಿ ಮಾತಾಡಿದ. ಆಮೇಲೆ ಸಾಹುಕಾರರನ್ನು ಇಬ್ಬರು ಹಿಡಿದು ಏಣಿ ಹತ್ತಿಸಿದರು. ಪೂಜೆಯ ಬಾಂಡ್ಲಿಯನ್ನು ಕೈಗೆ ಕೊಟ್ಟರು. ಗುರುರಾಜ್ ಮೊಬೈಲು ಎತ್ತಿ ಹಿಡಿದ.

"ಹಂಗೇ ಸುರೀರಿ ಸಾಹುಕಾರ್ರೆ, ಈ ಕಡೆ ನೋಡ್ರಿ."

ಮುರುಗಪ್ಪನವರು ಮುಖದಲ್ಲಿ ನಗೆ ಇಟ್ಟುಕೊಂಡು ಬಾಂಡ್ಲಿಯನ್ನು ಕಂಬಿಯ ಮೇಲೆ ಮಗುಚಿದರು. ಹಾರ ಬಿತ್ತು. ಊದಿನಕಡ್ಡಿ ಬೀಳಲಿಲ್ಲ, ಕಾಂಕ್ರೀಟೂ ಬೀಳಲಿಲ್ಲ. ಅವರು ಒಮ್ಮೆ ಕೊಡವಿದರು. ಎರಡು ಸಲ ಕುಟ್ಟಿದರು. ಬಾಂಡ್ಲಿಯ ಬಾಯಿ ಕೆಳಗಾಗಿದ್ದರೂ ಮಾಲು ಅದರ ತಳಕ್ಕೆ ಕಚ್ಚಿಕೊಂಡು ಹಾಗೇ ಕೂತಿತ್ತು, ಕಡ್ಡಿಗಳೆರಡೂ ನೆಲದ ಕಡೆ ಮುಖ ಮಾಡಿಕೊಂಡಿದ್ದವು. ಬಸ್ಸಿಗೆ ನಿಂತಿದ್ದ ಹೆಂಗಸೊಬ್ಬಳು ಕಿಸಕ್ಕೆಂದು ನಕ್ಕಳು. ಅಲ್ಲಿಂದ ನಗು ಕೂಲಿಯವರ ಸಾಲಿಗೆ ಹರಿಯಿತು. ಹತ್ತು ಭಾನುವಾರದ ನಗು ಅದು, ತಡೆದರೆ ನಿಲ್ಲುವಂಥದ್ದಲ್ಲ.

"ಏನ್ರಿ ಇದು?" ಎಂದರು ಮುರುಗಪ್ಪ, ಏಣಿಯ ಮೇಲಿಂದಲೇ.

ಗಂಗಾಧರಪ್ಪನ ಮುಖ ಕೆಂಪಗಾಯಿತು, ಬಾಯಿ ಮಾತ್ರ ಸಲೀಸಾಗಿ ಓಡಿತು. "ಅದೊಂದು ಬಾಂಡ್ಲಿ ಬಿಸ್ಲಾಗಿತ್ತಲ್ಲ ಸಾಹುಕಾರ್ರೆ, ಅದ್ಕೆ ಹಂಗಾಗೈತೆ. ಉಳಿದ ಮಾಲು ಬೆಣ್ಣೆ ಇದ್ದಂಗೈತೆ. ಬೇಕಾದ್ರೆ ಈಯಮ್ಮನ್ನೇ ಕೇಳ್ರಿ, ಇಪ್ಪತ್ತು ವರ್ಷದಿಂದ ಕಲಸ್ತಿರೋಳು. ಏನವ್ವ ಬರಗೇರವ್ವ, ಮಾಲು ಚೆನ್ನಾಗೈತೆ ತಾನೆ?"

ಕೇಳಿ, ಜೇಬಿನಿಂದ ಫಾರ್ಮನ್ನು ಅರ್ಧ ಹೊರಗೆಳೆದು ಪೆನ್ನಿನ ಮುಚ್ಚಳ ತೆಗೆದ.

ಹೌದು ಅಂದುಬಿಟ್ಟರೆ ಮುಗಿಯಿತು. ಸಹಿ ಬೀಳುತ್ತದೆ, ಮಗಳು ಓದುತ್ತಾಳೆ. ಬರಗೇರಮ್ಮನ ನಾಲಿಗೆ 'ಹೌದು' ಅನ್ನಲು ಎದ್ದೇ ಇತ್ತು. ಆದರೆ ಕಣ್ಣು ಹೋದದ್ದು ಹಲಗೆಯ ಅಡಿಗೆ, ಆ ನೆರಳಿಗೆ. ಇನ್ನು ಮುಂದೆ ಮೋನಿಕಾ ಬಿಸಿಲು ತಪ್ಪಿಸಿಕೊಂಡು ಬಂದು ನಿಲ್ಲುವ ಜಾಗ ಅದೇ.

"ಆ ಬಾಂಡ್ಲಿ ತುಂಬಿದ್ದೂ ಇದೇ ರಾಶೀಲಿ, ಒಂಬತ್ತು ಗಂಟೇಲಿ, ನನ್ನ ಕೈಲೇ," ಎಂದಳು. "ಅದು ಸತ್ತಿದ್ರೆ ಇದೂ ಸತ್ತೈತೆ. ಪೂಜೆ ಮಾಡಿದ್ದು ಅಂತ ಅದಕ್ಕೆ ನೀರು ಹೊಯ್ಯಲಿಲ್ಲ, ಅದ್ಕೆ ನಿಜ ಹೇಳ್ತು. ಇದಕ್ಕೆ ಎರಡು ಸಲ ಹೊಯ್ದಿವಿ, ಇದು ಸುಳ್ಳು ಹೇಳ್ತೈತೆ. ಇದನ್ನ ಮ್ಯಾಲೆ ಹಾಕಿದ್ರೆ ಎರಡು ಮಳೆಗಾಲ ತಡೆಯಲ್ಲ. ಬಿದ್ರೆ ಅಡೀಲಿ ನಿಂತ ಮಕ್ಕಳ ಮ್ಯಾಲೆ ಬೀಳ್ತೈತೆ."

"ಹೌದೇನಪ್ಪ ಮೇಸ್ತ್ರಿ?" ಎಂದರು ಮುರುಗಪ್ಪ.

ಜುಂಜಣ್ಣ ಬೀಡಿ ಬಿಸಾಡಿ, ಗಂಗಾಧರಪ್ಪನ ಜೇಬನ್ನು ಒಮ್ಮೆ ನೋಡಿ, "ಹೌದ್ರಿ" ಎಂದ.

"ಹಂಗಾದ್ರೆ ಹಾಕಬ್ಯಾಡ್ರಿ. ಈ ತಂಗುದಾಣಕ್ಕೆ ಕೂರಿಸೋ ಕಲ್ಲಿನ ಮ್ಯಾಲೆ ನಮ್ಮಪ್ಪನ ಹೆಸ್ರು ಕೆತ್ತಿಸೀವಿ. ನಾಳೆ ಬಿದ್ರೆ ಜನ ನಮ್ಮಪ್ಪನ್ನ ಬೈತಾರೆ."

ಮಕ್ಕಳ ತಲೆಯ ಮಾತು ಅವರಿಗೆ ಕೇಳಿಸಿತೋ ಇಲ್ಲವೋ, ಅಪ್ಪನ ಹೆಸರಿನ ದೆಸೆಯಿಂದಲಾದರೂ ಕೆಲಸ ನಿಂತಿತು. ಕಾರು ಹೋಯಿತು. ಬಿಳಿ ಅಂಗಿಗಳೂ ಬೈಕು ಹತ್ತಿದವು. ಹೋಗುವ ಮುಂಚೆ ಗಂಗಾಧರಪ್ಪ ಫಾರ್ಮನ್ನು ಬರಗೇರಮ್ಮನ ಕಾಲ ಹತ್ತಿರ ಎಸೆದ.

"ನಿನಗೆ ಸೇವಾ ಮನೋಭಾವ ಇಲ್ಲ ಬಿಡವ್ವ. ತಗಂಡೋಗಿ ಒಲೆಗೆ ಹಾಕ್ಕ."

ರಾಶಿ ಕಲ್ಲಾಗುವ ಮೊದಲು ಬಾಚಿ ಗುಂಡಿಗೆ ಹಾಕಿದವರು ಯಾರು ಅಂತ ಬೇರೆ ಹೇಳಬೇಕಿಲ್ಲ. ಜುಂಜಣ್ಣ ಪೂಜೆಯ ಬಾಂಡ್ಲಿಯನ್ನು ಬೋರಲು ಹಾಕಿ ಸುತ್ತಿಗೆಯಲ್ಲಿ ನಾಲ್ಕು ಬಾರಿಸಿದ. ಮಾಲು ಇಡೀ ಅಚ್ಚಾಗಿ ಕಳಚಿ ಬಿತ್ತು, ದುಂಡು ಮಣೆಯ ಹಾಗೆ. ಅದನ್ನು ರಸ್ತೆಯ ಅಂಚಿಗೆ ಉರುಳಿಸಿ ಬಿಟ್ಟರು.

ಸಂಜೆ ಮನೆಗೆ ಬಂದಾಗ ಮೋನಿಕಾ ಬಾಗಿಲಲ್ಲೇ ಕೇಳಿದಳು. "ಸೈನ್ ಆಯ್ತೇನವ್ವ?"

ನಡೆದದ್ದನ್ನೆಲ್ಲ ತಾಯಿ ಹೇಳಿದಳು. ಹುಡುಗಿಯ ಕಣ್ಣು ತುಂಬಿತು. "ಒಂದು ಸೈನಿಗೋಸ್ಕರ ಬಾಯಿ ಮುಚ್ಕಂಡಿರಾಕೆ ಆಗ್ಲಿಲ್ವಾ ನಿಂಗೆ? ಅದು ಬೀಳೋದು ಯಾವ ಕಾಲಕ್ಕೋ."

"ಬಿದ್ದಾಗ ಅಡೀಲಿ ನೀನೇ ಇದ್ರೆ?" ಎಂದಳು ಬರಗೇರಮ್ಮ. ತಾಯಿ ಮುಖ ತೊಳೆಯಲು ಬಚ್ಚಲಿಗೆ ಹೋದಳು. ಅಲ್ಲಿ ನೀರು ಹೊಯ್ದುಕೊಳ್ಳುತ್ತ ಅತ್ತಳು. ಮಗಳ ಎರಡು ವರ್ಷವನ್ನು ತಾನೇ ಗುಂಡಿಗೆ ಹಾಕಿ ಬಂದೆ ಎಂದು ಅವಳಿಗೆ ಅನ್ನಿಸಿತ್ತು.

ಹೊರಗೆ ಬಂದಾಗ ಮೋನಿಕಾ ಮುದುರಿದ ಫಾರ್ಮನ್ನು ಮಂಡಿಯ ಮೇಲೆ ಸವರಿಕೊಂಡು, ಹಿಂದು ಮುಂದು ತಿರುಗಿಸಿ ಓದುತ್ತಿದ್ದಳು.

"ಅವ್ವ, ಇದನ್ನ ಯಾವತ್ತೂ ಮನೆಗೆ ತಂದಿರಲಿಲ್ಲ ಅಲ್ವಾ ನೀನು?"

"ಅವರು ಕೊಟ್ರೆ ತಾನೆ."

"ಹಿಂದ್ಗಡೆ ಬರದೈತೆ ನೋಡು. ಸಂಘದೋರು ಸೈನ್ ಹಾಕಬೋದು, ಇಲ್ಲಾಂದ್ರೆ ಕೆಲ್ಸ ಕೊಟ್ಟೋರು ಹಾಕಬೋದು. ಯಾರಾದ್ರೂ ಒಬ್ರು ಸಾಕಂತೆ."

ಬರಗೇರಮ್ಮ ಒದ್ದೆ ಮುಖದಲ್ಲೇ ಕೂತಳು. ಇನ್ನೊಂದು ಸಲ ಓದಿಸಿದಳು. ಈ ವರ್ಷವೇ ಹೊಳಲ್ಕೆರೆಯ ಸಣ್ಣಪ್ಪ ಮೇಷ್ಟ್ರ ಮನೆಯ ಪಾಯದಿಂದ ಮಹಡಿಯವರೆಗೆ ನಾಲ್ಕು ತಿಂಗಳು ಮಾಲು ಹೊತ್ತವಳು ಇವಳು. ಆ ಮೇಷ್ಟ್ರನ್ನು ಕೇಳಿದ್ದರೆ ಅವತ್ತೇ ಹಾಕುತ್ತಿದ್ದರು. ಹನ್ನೊಂದು ಭಾನುವಾರ, ಉಪ್ಪಿಟ್ಟಿನ ತಟ್ಟೆ ಆರಿಸಿದ್ದು, ಆ ಮುಖಕ್ಕೆ ಅಣ್ಣ ಅಣ್ಣ ಅಂದದ್ದು, ಎಲ್ಲ ಒಂದು ಹಾಳೆಯ ಹಿಂಬದಿಯನ್ನು ಯಾರೂ ನೋಡದಿದ್ದಕ್ಕೆ. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು, ಪಕ್ಕದ ತಂಬಿಗೆಯನ್ನು ತಳ್ಳಿ ಉರುಳಿಸಿದಳು. ಸಿಟ್ಟಿಗೆದ್ದು ಎಸೆಯದಿದ್ದರೆ ಗಂಗಾಧರಪ್ಪನೆಂಬ ಪುಣ್ಯಾತ್ಮ ಈ ಫಾರ್ಮನ್ನು ಅವಳ ಕೈಗೆ ಎಂದಿಗೂ ಕೊಡುತ್ತಿರಲಿಲ್ಲ.

ಮೊದಲು ಜುಂಜಣ್ಣನಿಗೆ ಫೋನು ಹಚ್ಚಿಸಿದಳು. "ಅಣ್ಣ, ಬೆಳಗ್ಗೆ ಹೋಗಿ ನಿನ್ನ ಫಾರ್ಮು ಆ ಜೇಬಿಂದ ಈಸ್ಕ. ಈಸ್ಕಂಡು ಹಿಂದ್ಗಡೆ ಓದಿಸು. ನಮ್ಮೋರಿಗೆಲ್ಲ ಹೇಳು."

ಸೋಮವಾರ ಬೆಳಗ್ಗೆ ತಾಯಿ ಮಗಳು ಕ್ರಾಸಿಗೆ ಬಂದರು. ಬಸ್ಸು ತಡವಾಗಿತ್ತು. ರಸ್ತೆಯ ಅಂಚಿನಲ್ಲಿ ಬಿದ್ದಿದ್ದ ಆ ಅಚ್ಚನ್ನು ಮೋನಿಕಾ ಸೆರಗಿನಿಂದ ಒರೆಸಿ, ತಾಯಿಯನ್ನು ಅದರ ಮೇಲೆ ಕೂರಿಸಿದಳು. ಒಂದು ಅಂಚಿನಲ್ಲಿ ಇನ್ನೂ ಕುಂಕುಮ ಇತ್ತು. ಒಂಬತ್ತರ ಬಸ್ಸಿಗೆ ಹೋಗಿ ಹತ್ತಕ್ಕೆ ಮೇಷ್ಟ್ರ ಸಹಿ ಮಾಡಿಸಿ, ಹನ್ನೊಂದಕ್ಕೆ ಕಾರ್ಮಿಕ ಇಲಾಖೆಯ ಕಚೇರಿಗೆ ಫಾರ್ಮು ಕೊಟ್ಟು ಬಂದರು. ಮೇಷ್ಟ್ರ ಹೆಂಡತಿ ಚಹಾ ಬೇರೆ ಕೊಟ್ಟಿದ್ದಳು.

ಮುಂದಿನ ಭಾನುವಾರ ಹಿರಿಯೂರಿನಲ್ಲಿ ಸಮಿತಿಯ ಸೇವೆ ಇತ್ತು. ಟೆಂಪೋ ಬಂದು ನಿಂತು, ಕಾದು, ಖಾಲಿಯೇ ಹೋಯಿತಂತೆ. ಸಮಿತಿಯವರು ಬಂದದ್ದೇ ನಾಲ್ವರು. ಬ್ಯಾನರಿನ ಎರಡು ತುದಿಗೆ ಇಬ್ಬರು ಬೇಕು, ಫೋಟೋಕ್ಕೆ ಗುರುರಾಜ್ ಬೇಕು. ಉಳಿದವನು ಗಂಗಾಧರಪ್ಪ ಒಬ್ಬನೇ, ಹಾಗಾಗಿ ಎಷ್ಟೋ ವರ್ಷದ ಮೇಲೆ ಅವನ ಕೈಗೆ ಸಲಿಕೆ ಬಂತು. ಸಂಜೆ ಆ ಫೋಟೋ ಸಂಘದ ವಾಟ್ಸಾಪ್ ಗ್ರೂಪಿಗೆ ಬಂದಾಗ ಬರಗೇರಮ್ಮ ಬೆನ್ನು ಚಾಚಿ ಮಲಗಿದ್ದಳು. ಮೋನಿಕಾ ಮೊಬೈಲನ್ನು ಅವಳ ಮುಖದ ಹತ್ತಿರ ಹಿಡಿದಳು.

ಬರಗೇರಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಸಲಿಕೆ ತಿರುವುಮುರುವು ಹಿಡ್ಕಂಡವ್ನೆ," ಎಂದು ಮಗ್ಗುಲಾದಳು.