ಸದನದ ಒಪ್ಪಿಗೆ ಇಲ್ಲದೆ

ಸದನದಲ್ಲಿ ಅವನಿಗೆ ‘ಚಿಲಕ’ ಅಂತಲೇ ಹೆಸರು. ತಾನೇ ತಂದ ಆರೋಗ್ಯ ಮಸೂದೆಯ ಮೇಲೆ ಮಾತನಾಡುತ್ತ ಒಮ್ಮೆ, “ಮನೆ ಬಾಗಿಲ ಚಿಲಕ ಒಳಗಡೆ ಇರಬೇಕು ಸ್ವಾಮಿ, ಹೊರಗಡೆ ಅಲ್ಲ” ಎಂದು ಮೇಜು ಕುಟ್ಟಿದ್ದ. ವಿರೋಧ ಪಕ್ಷದವರು ಗೇಲಿ ಮಾಡಲೆಂದು ಇಟ್ಟ ಹೆಸರನ್ನು ಅವನ ಪಕ್ಷದವರು ಬಿರುದಿನ ಹಾಗೆ ಹೊತ್ತು ಮೆರೆಸಿದರು.

ಆ ಮಾತು ಬಾಯಿಂದ ಸುಮ್ಮನೆ ಬಂದದ್ದಲ್ಲ. ಹಿಂದಿನ ಸಾಂಕ್ರಾಮಿಕದ ಕಾಲದಲ್ಲಿ ಅವನ ತಾಯಿ ಒಂದು ಪ್ರತ್ಯೇಕ ವಾರ್ಡಿನಲ್ಲಿ ತೀರಿಕೊಂಡಿದ್ದರು. ಮಗನನ್ನು ಗಾಜಿನ ಆಚೆ ನಿಲ್ಲಿಸಿದ್ದರು. ತಾಯಿ ಬೆರಳಿನಿಂದ ಗಾಜು ತಟ್ಟಿ ಏನೋ ಹೇಳಿದರು. ತುಟಿ ಅಲುಗಿದ್ದು ಕಂಡಿತೇ ಹೊರತು ಒಂದಕ್ಷರ ಕೇಳಿಸಲಿಲ್ಲ. “ನಮ್ಮ ಕೈಲಿ ಏನೂ ಇಲ್ಲ ಸಾರ್, ಅಂತಾರಾಷ್ಟ್ರೀಯ ಒಪ್ಪಂದದ ನಿಯಮ” ಎಂದು ಅಧಿಕಾರಿ ಕೈ ಮುಗಿದ. ತಾಯಿಗೆ ಇದ್ದದ್ದು ಆ ರೋಗವೇ ಅಲ್ಲ ಎಂಬುದು ಮಣ್ಣು ಮಾಡಿದ ಮೇಲೆ ತಿಳಿಯಿತು. ಎಲ್ಲೋ ಕೂತು ಯಾರೋ ಬರೆದ ನಿಯಮಕ್ಕೆ ತನ್ನ ತಾಯಿ ಒಂಟಿಯಾಗಿ ಹೋದಳಲ್ಲ ಎಂಬ ಕಿಚ್ಚು ಅವನನ್ನು ಚುನಾವಣೆಗೆ ನಿಲ್ಲಿಸಿತು, ಗೆಲ್ಲಿಸಿತು.

ಅವನ ಕಾನೂನಿನ ಮೊದಲ ಭಾಗ ಯಾರಿಗೂ ತಪ್ಪೆನಿಸಲಿಲ್ಲ. ಸದನದ ಒಪ್ಪಿಗೆ ಇಲ್ಲದೆ ಹೊರಗಿನ ಯಾವ ಆರೋಗ್ಯ ಒಪ್ಪಂದವೂ ದೇಶವನ್ನು ಕಟ್ಟಿಹಾಕುವಂತಿಲ್ಲ. ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅವನ ತಂಗಿ ಕೂಡ, “ಇದು ನ್ಯಾಯವಾಗಿದೆ ಅಣ್ಣ” ಅಂದಿದ್ದಳು. ತಕರಾರು ಬಂದದ್ದು ಎರಡನೆಯ ಭಾಗಕ್ಕೆ. ಸದನದ ಒಪ್ಪಿಗೆ ಇಲ್ಲದೆ ಯಾವ ಸರ್ಕಾರಿ ವೈದ್ಯರೂ ರೋಗದ ವಿಚಾರವಾಗಿ ಹೊರದೇಶದ ಕಚೇರಿಗಳೊಡನೆ ಮಾತನಾಡಕೂಡದು, ಅಲ್ಲಿಂದ ಬಂದ ಎಚ್ಚರಿಕೆಯ ಮೇಲೆ ಕ್ರಮ ಕೈಗೊಳ್ಳಕೂಡದು. ಕರಡಿನಲ್ಲಿ ‘ತುರ್ತು ಸಂದರ್ಭಗಳನ್ನು ಹೊರತುಪಡಿಸಿ’ ಎಂದಿತ್ತು. ಅದನ್ನು ಅವನೇ ಹೊಡೆದುಹಾಕಿಸಿದ.

“ಅದೊಂದನ್ನ ಬಿಡಬಾರದಿತ್ತಾ?” ಎಂದು ತಂಗಿ ಊಟಕ್ಕೆ ಕೂತಾಗ ಕೇಳಿದ್ದಳು.

“ತುರ್ತು ಅಂತ ಒಂದು ಕಿಂಡಿ ಬಿಟ್ರೆ ಆನೆ ಒಂಟೆ ಎಲ್ಲ ಅದರಲ್ಲೇ ನುಗ್ತವೆ, ಪುಟ್ಟಿ.”

“ನಾನು ಆನೇನೋ ಒಂಟೇನೋ?” ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ.

ಚಳಿ ಶುರುವಾದಾಗ ಮಕ್ಕಳಿಗೆ ಜ್ವರ ಕೆಮ್ಮು ಬರುವುದು ಹೊಸದಲ್ಲ. ಆ ವರ್ಷ ಹೊಸದಾಗಿ ಕಂಡದ್ದು ಬೇರೆ. ಜ್ವರ ಇಳಿಯುತ್ತಿತ್ತು, ಮಗು ಆಡಲು ಎದ್ದು ಕೂರುತ್ತಿತ್ತು, ಆಮೇಲೆ ಮೂತ್ರ ನಿಲ್ಲುತ್ತಿತ್ತು. ಮುಖ ಊದಿಕೊಂಡು, ಮಂಪರು ಹತ್ತಿ, ಅಳುವುದನ್ನೂ ಮರೆತು ಮಗು ಮಲಗಿಬಿಡುತ್ತಿತ್ತು. ತಂಗಿಯ ವಾರ್ಡಿನಲ್ಲಿ ಮಕ್ಕಳ ಗಲಾಟೆ ಅಡಗಿತು. ಆಯಾ ಒಬ್ಬಳು, “ಅಳೋ ಮಕ್ಕಳಿದ್ರೆ ಕೈಕಾಲು ಆಡುತ್ತಮ್ಮ, ಇಲ್ಲಿ ಕೆಲಸ ಮಾಡೋಕೆ ಹೆದರಿಕೆ ಆಗ್ತದೆ” ಎಂದು ರಜೆ ಹಾಕಿ ಹೋದಳು. ರಕ್ತ ನೋಡಿದರು, ನೀರು ನೋಡಿದರು, ಹಾಲು ನೋಡಿದರು. ಯಾವುದರಲ್ಲೂ ಏನೂ ಸಿಗಲಿಲ್ಲ.

ಅದೇ ಹೊತ್ತಿಗೆ ಪಕ್ಕದ ದೇಶದ ಮಕ್ಕಳ ಆಸ್ಪತ್ರೆಯಿಂದ ಅವಳ ಕೋಣೆಗೆ ಫೋನು ಬರತೊಡಗಿತು. ಮೊದಲ ಸಲ ಎತ್ತಿದಾಗ ಆಚೆಯ ಹೆಂಗಸು ತಾನು ಯಾರೆಂದು ಹೇಳಿ, “ನಿಮ್ಮಲ್ಲೂ ಮಕ್ಕಳಿಗೆ ಮೂತ್ರ ನಿಲ್ತಾ ಇದೆಯಾ?” ಎಂದಷ್ಟೇ ಕೇಳಿದ್ದಳು. ಎದುರಿಗೇ ಕೂತಿದ್ದ ಹಿರಿಯ ವೈದ್ಯಾಧಿಕಾರಿ ಕೈ ಚಾಚಿ ಫೋನು ಕತ್ತರಿಸಿದ. “ಅಮ್ಮಾ, ನಿಮ್ಮ ಕೆಲಸನೂ ಹೋಗುತ್ತೆ, ನಂದೂ ಹೋಗುತ್ತೆ. ಸದನದ ಒಪ್ಪಿಗೆ ತರ್ಸಿ, ಆಮೇಲೆ ಹರಟೆ ಹೊಡೀರಿ.”

ತಂಗಿ ನೇರ ಅಣ್ಣನಿಗೆ ಹೇಳಿದಳು. ಅವನು ಸಭಾಧ್ಯಕ್ಷರ ಮನೆಗೆ ಓಡಿದ. ಅಧಿವೇಶನ ಮುಗಿದು ಸದಸ್ಯರೆಲ್ಲ ಊರು ಸೇರಿದ್ದರು. ಸಭಾಧ್ಯಕ್ಷರು ಅಂಗಳದಲ್ಲಿ ಗಿಡಗಳಿಗೆ ನೀರು ಬಿಡುತ್ತ ಸಮಾಧಾನವಾಗಿ ಹೇಳಿದರು: “ಕರೀಬಹುದು, ಮೂರು ವಾರದ ನೋಟಿಸು ಬೇಕು. ತುರ್ತು ಅಂತ ಇದ್ದಿದ್ರೆ ನಾನೇ ಸಹಿ ಹಾಕ್ಬಹುದಿತ್ತು. ಅದನ್ನ ತೆಗೆಸಿದ್ದು ನೀವೇ ಅಲ್ವಾ?” ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ನಿಜಕ್ಕೂ ನೆನಪು ಮಾಡಿಕೊಳ್ಳುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಗೇಟು ದಾಟಿದ.

ಮಾರನೆಯ ಮಧ್ಯಾಹ್ನ ಅವನು ಬರಿಗೈಯಲ್ಲಿ ತಂಗಿಯ ಕೋಣೆಯಲ್ಲಿ ಕೂತಿದ್ದಾಗಲೇ ಮತ್ತೆ ಫೋನು ಹೊಡೆದುಕೊಂಡಿತು. ಅವಳ ಕಣ್ಣು ಗುಳಿಬಿದ್ದಿತ್ತು. ಬೆಳಿಗ್ಗೆ ಒಂದು ಮಗು ಹೋಗಿತ್ತು.

“ನಾನು ಎತ್ತುತೀನಿ. ನೀನು ಇಲ್ಲೇ ಇರ್ತೀಯಾ, ಹೊರಗೆ ಹೋಗ್ತೀಯಾ?”

ಅವನು ಏನಾದರೂ ಹೇಳಬೇಕೆಂದುಕೊಂಡ. ಕಾಲುಗಳು ಅದಕ್ಕೂ ಮೊದಲೇ ಎದ್ದವು. ತಾನು ನೋಡದಿದ್ದರೆ ನಾಳೆ ಸಾಕ್ಷಿ ಹೇಳಬೇಕಾಗಿಲ್ಲ ಎಂಬ ಲೆಕ್ಕಾಚಾರ ಎಲ್ಲೋ ಒಳಗೆ ನಡೆದುಹೋಗಿತ್ತು. ಅವನು ಬಾಗಿಲು ಎಳೆದುಕೊಂಡು ಹೊರಗೆ ನಿಂತ.

ಹಜಾರದ ಬೆಂಚಿನಲ್ಲಿ ಒಬ್ಬ ಬಡಗಿ, ಮರದ ಹೊಟ್ಟು ಇನ್ನೂ ಅಂಟಿದ್ದ ಅಂಗಿಯಲ್ಲೇ, ನಾಲ್ಕೈದು ವರ್ಷದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ನರ್ಸು ಕೊಟ್ಟುಹೋದ ಕೆಮ್ಮಿನ ಔಷಧ ಕುಡಿಸಬೇಕಿತ್ತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚಮಚ, ಬಾಟಲಿಗೆ ಕೈ ಸಾಲದು.

“ಸ್ವಲ್ಪ ಬಗ್ಗಿಸ್ತೀರಾ ಅಣ್ಣ?”

ಏನಾದರೂ ಮಾಡಲು ಸಿಕ್ಕಿತಲ್ಲ ಎಂದು ಅವನಿಗೆ ಹಗುರವೆನಿಸಿತು. ಬಾಟಲಿ ಹಿಡಿದು ಜೋಪಾನವಾಗಿ, ಒಂದು ಹನಿ ಚೆಲ್ಲದಂತೆ ಚಮಚ ತುಂಬಿಸಿದ. ಕೆಂಪು ಪಾಕದ ಸಿಹಿ ವಾಸನೆ ಮೂಗಿಗೆ ಬಂತು. ಮಗು ಗುಟುಕರಿಸಿ ಅವನತ್ತ ನೋಡಿ, “ಕಹಿ ಇಲ್ಲ ಮಾವ, ಸಿಹಿ” ಅಂದಳು, ಅವನೇ ಕುಡಿಯಬೇಕಾಗಿದ್ದಂತೆ ಧೈರ್ಯ ಹೇಳುವ ದನಿಯಲ್ಲಿ.

“ಇನ್ನೊಂದು ಚಮಚ ಇದೆ” ಎಂದ ತಂದೆ. ಅವನು ಮತ್ತೆ ಬಗ್ಗಿಸಿದ.

ಆಗ ಬಾಗಿಲು ಧಡಾರನೆ ತೆರೆಯಿತು. ತಂಗಿ ಬರಿಗಾಲಲ್ಲೇ ಓಡಿ ಬಂದು ಚಮಚಕ್ಕೆ ಹೊಡೆದಳು. ಅದು ಗೋಡೆಗೆ ತಾಗಿ ಬಿತ್ತು. “ಔಷಧ! ಔಷಧಾನೇ ವಿಷ! ಯಾರೂ ಕುಡಿಸ್ಬೇಡಿ!” ಎಂದು ಕೂಗುತ್ತ ವಾರ್ಡಿನೊಳಗೆ ನುಗ್ಗಿ, ಮಂಚದಿಂದ ಮಂಚಕ್ಕೆ ಹೋಗಿ ಬಾಟಲಿಗಳನ್ನು ಸೆರಗಿಗೆ ತುಂಬಿಕೊಂಡಳು. ಅರ್ಧ ದಾರಿಯಲ್ಲಿ ನಿಂತು, ತನ್ನದೇ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅಷ್ಟೂ ಮಕ್ಕಳಿಗೆ ಅದನ್ನು ಬರೆದುಕೊಟ್ಟವಳು ಅವಳೇ.

ಪಕ್ಕದ ದೇಶದವರಿಗೆ ಅದು ಎರಡು ವಾರದ ಹಿಂದೆಯೇ ತಿಳಿದಿತ್ತು. ಪಾಕಕ್ಕೆ ಬೆರೆಸಿದ ದ್ರವವೇ ಕಲಬೆರಕೆ, ಮೂತ್ರಪಿಂಡವನ್ನು ಸುಡುವಂಥದು. ಎಲ್ಲ ದೇಶಗಳಿಗೂ ಎಚ್ಚರಿಕೆ ಹೋಗಿತ್ತು. ಇಲ್ಲಿ ಅದನ್ನು ಕೇಳಿಸಿಕೊಳ್ಳುವ ಅಧಿಕಾರ ಯಾರಿಗೂ ಇರಲಿಲ್ಲ. ಆ ಔಷಧ ನಿಲ್ಲಿಸಿದ ಮೇಲೆ ಹೊಸ ಮಕ್ಕಳು ಬರುವುದು ನಿಂತಿತು. ವಾರ್ಡಿನಲ್ಲಿದ್ದವರಲ್ಲಿ ಹೆಚ್ಚಿನವರು ಉಳಿದರು. ಬಡಗಿಯ ಮಗಳು ಉಳಿಯಲಿಲ್ಲ. ಅವಳಿಗೆ ಅದನ್ನು ಆಗಲೇ ನಾಲ್ಕು ದಿನದಿಂದ ಕುಡಿಸಿದ್ದರು, ನೀವು ಬಗ್ಗಿಸಿದ ಒಂದು ಚಮಚದಿಂದ ಏನೂ ಆದದ್ದಲ್ಲ ಎಂದು ವೈದ್ಯರೆಲ್ಲ ಅವನಿಗೆ ಬಿಡಿಸಿ ಹೇಳಿದರು. ಅವನು ಹೂಂಗುಟ್ಟಿದ. ಆದರೆ ಅಂದಿನಿಂದ ಏನೇ ಸಿಹಿ ಬಡಿಸಿದರೂ ಎಲೆಯ ಅಂಚಿಗೆ ಸರಿಸಿಬಿಡುತ್ತಿದ್ದ. ಸಂತೆಯ ಗದ್ದಲದಲ್ಲಿ ಯಾವುದೋ ಮಗು ಯಾರನ್ನೋ ಮಾವಾ ಎಂದು ಕೂಗಿದರೆ ನಿಂತು ತಿರುಗುತ್ತಿದ್ದ. ಹೆಂಡತಿ ತೋಳು ಹಿಡಿದು, “ಯಾರೂ ಕರೀಲಿಲ್ಲ, ನಡೀರಿ” ಎಂದು ಮುಂದಕ್ಕೆ ಕರೆದೊಯ್ಯುತ್ತಿದ್ದಳು.

ತಂಗಿಯ ಮೇಲೆ ವಿಚಾರಣೆ ಕೂತಿತು. ಕಾನೂನು ಮುರಿದದ್ದು ನಿಜ, ಅವಳೂ ಇಲ್ಲ ಅನ್ನಲಿಲ್ಲ. ಅವನು ತಾನಾಗಿ ಎದ್ದು ನಿಂತು, “ನಾನೂ ಅಲ್ಲೇ ಇದ್ದೆ. ಫೋನು ಎತ್ತು ಅಂತ ಹೇಳಿದ್ದು ನಾನೇ” ಎಂದ.

ತಂಗಿ ಅವನತ್ತ ತಿರುಗಿದಳು. “ಸುಳ್ಳು ಹೇಳ್ಬೇಡ ಅಣ್ಣ. ನೀನು ಹೊರಗೆ ಹೋದೆ.”

ವಿಚಾರಣೆಯವರು ತಮ್ಮ ತಮ್ಮ ಕೈ ನೋಡಿಕೊಂಡರು. ಅವನು ಕೂತ.

ಅವಳ ಕೆಲಸ ಹೋಯಿತು. ಮುಂದಿನ ಅಧಿವೇಶನದಲ್ಲಿ ಅವನೇ ತಿದ್ದುಪಡಿ ತಂದ. “ಚಿಲಕ ಸಡಿಲವಾಯ್ತೇನ್ರೀ?” ಎಂದು ಯಾರೋ ಹಿಂದಿನಿಂದ ಕೂಗಿದರು, ಯಾರೂ ನಗಲಿಲ್ಲ. ಒಪ್ಪಂದಗಳಿಗೆ ಸದನದ ಒಪ್ಪಿಗೆ ಬೇಕೆಂಬುದು ಉಳಿಯಿತು; ವೈದ್ಯರು ವೈದ್ಯರೊಡನೆ ಮಾತನಾಡುವುದಕ್ಕೆ ಇದ್ದ ತಡೆ ಹೋಯಿತು. ಆದರೆ ತಿದ್ದುಪಡಿ ಹಿಂದಿನದಕ್ಕೆ ಅನ್ವಯಿಸುವುದಿಲ್ಲವಂತೆ. ತಂಗಿ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು ಸಣ್ಣ ದವಾಖಾನೆ ಇಟ್ಟಳು. ಅಣ್ಣ ಹೋದರೆ ಕುರ್ಚಿ ಹಾಕುತ್ತಾಳೆ, ಊಟ ಆಯ್ತಾ ಎಂದು ಕೇಳುತ್ತಾಳೆ. ಅದಕ್ಕಿಂತ ಹೆಚ್ಚು ಮಾತಿಲ್ಲ.

ಆ ತಿದ್ದುಪಡಿಯನ್ನು ಮತಕ್ಕೆ ಹಾಕಿದ ದಿನವೇ ಅವನು ಆ ಬಡಗಿಯನ್ನು ಸಾರ್ವಜನಿಕರ ಗ್ಯಾಲರಿಯಲ್ಲಿ ನೋಡಿದ್ದು. ಮುಂದಿನ ಸಾಲಿನ ಮೂಲೆಯ ಸೀಟು, ಒಗೆದು ಇಸ್ತ್ರಿ ಮಾಡಿದ ಅಂಗಿ, ಮಂಡಿಯ ಮೇಲೆ ಕೈ. ಆ ಮಸೂದೆಗಾಗಿ ಬಂದಿರಬೇಕು ಎಂದುಕೊಂಡ. ಮಾರನೆಯ ದಿನವೂ ಇದ್ದ. ರಸ್ತೆ ತೆರಿಗೆಯ ಚರ್ಚೆಗೂ ಇದ್ದ, ಸೇತುವೆಯ ಚರ್ಚೆಗೂ ಇದ್ದ. ಸದನದಲ್ಲಿ ಕೂತು ತಲೆಯೆತ್ತಿದರೆ ಆ ಬಡಗಿಯೇ. ತನ್ನನ್ನೇ ನೋಡುತ್ತಾನೇನೋ ಎಂದು ಮಾತು ತೊದಲುತ್ತಿತ್ತು. ಅವನು ಮಾತನಾಡಲು ಎದ್ದೇಳುವುದನ್ನೇ ಬಿಟ್ಟ.

ಕೊನೆಗೆ ಒಂದು ದಿನ ತಡೆಯಲಾರದೆ ಮೆಟ್ಟಿಲು ಹತ್ತಿ ಹೋಗಿ ಪಕ್ಕದಲ್ಲಿ ಕೂತ.

“ಏನಾದರೂ ಕೇಳ್ಬೇಕಿದ್ರೆ ಕೇಳಿಬಿಡಿ. ಬೈಯ್ಬೇಕಾದ್ರೆ ಬೈದುಬಿಡಿ. ಹೀಗೆ ದಿನಾ ಬಂದು ಕೂರ್ಬೇಡಿ.”

ಬಡಗಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. “ಓ, ಅವತ್ತು ಬಾಟಲಿ ಹಿಡಿದವರಲ್ವಾ? ನೀವು ಇಲ್ಲಿ ಕೆಲಸ ಮಾಡ್ತೀರಾ?” ಎಂದ. ಅವನು ಹೂಂ ಎಂದು ತಲೆಯಾಡಿಸಿದ. ಬಡಗಿ ಕೆಳಗೆ ನೋಡುತ್ತಲೇ ಹೇಳಿದ: “ನಿಮ್ಮನ್ನೇನು ಬೈಯೋದು. ಮನೇಲಿ ಸದ್ದೇ ಇಲ್ಲ ಅಣ್ಣ. ಅವಳಮ್ಮ ಮಾತು ಬಿಟ್ಟಿದಾಳೆ. ಉಳಿ ಹಿಡಿದ್ರೆ ಕೈ ನಿಲ್ಲಲ್ಲ. ಇಲ್ಲಾದ್ರೆ ಜನ ಸಂಜೆವರೆಗೂ ಮಾತಾಡ್ತಾನೇ ಇರ್ತಾರೆ. ಅರ್ಥ ಆಗ್ಬೇಕು ಅಂತೇನಿಲ್ಲ.”

ಕೆಳಗೆ ಯಾವುದೋ ಮಸೂದೆಗೆ ಮತದ ಗಂಟೆ ಹೊಡೆಯಿತು. ಸದಸ್ಯರು ಬಾಗಿಲುಗಳಿಂದ ಒಳಗೆ ಬರುತ್ತ ಜಾಗ ಹುಡುಕಿಕೊಂಡರು. ಅವನು ಏಳಲಿಲ್ಲ. ಬಡಗಿ ಸೀಟಿನ ಅಂಚಿಗೆ ಸರಿದು, ಅವನಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟ.